ಗೋಡೆ ಮೇಲಿನ ರಾವಣ ಮಾತಾಡೋದಿಲ್ಲ

ಈ ಸಲದ ರಾಜ್ಯೋತ್ಸವಕ್ಕೆ ಏನು ಮಾಡೋಣ ಅನ್ನೋ ಮಾತು ನಮ್ಮಲ್ಲಿ ಶುರುವಾಗಿದೆ. ನಮ್ಮಲ್ಲಿ ಅಂದರೆ ಕಾಶಿಯ ಭೇಲೂಪುರ, ಹನುಮಾನ್ ಘಾಟ್, ಕೇದಾರ ಘಾಟ್ ಸುತ್ತಮುತ್ತ ಅಲ್ಲೊಂದು ಇಲ್ಲೊಂದು ಚದುರಿಕೊಂಡಿರುವ ಕನ್ನಡ ಮನೆಗಳು. ಬೋರ್ಡಿಲ್ಲ, ರಸೀದಿ ಪುಸ್ತಕವಿಲ್ಲ, ಅಧ್ಯಕ್ಷರಿಲ್ಲ. ನವೆಂಬರ್ ಬಂತೆಂದರೆ ಯಾರದಾದರೂ ಮನೆ ಮಹಡಿ ಮೇಲೆ ಸೇರುತ್ತೇವೆ, ಬಿಸಿಬೇಳೆ ಭಾತು ಮಾಡಿಕೊಂಡು ಉಣ್ಣುತ್ತೇವೆ, ಮಕ್ಕಳ ಕೈಲಿ ಒಂದು ಹಾಡು ಹೇಳಿಸುತ್ತೇವೆ. ಅಷ್ಟೇ.

ಈ ಬಾರಿ ಒಂದು ಹೊಸ ಸಲಹೆ ಬಂದಿದೆ. ಊರ ಕಡೆಯಿಂದ ತೊಗಲು ಗೊಂಬೆಗಳನ್ನು ತರಿಸಿ, ಗಾಜು ಹಾಕಿಸಿ, ಫ್ರೇಮ್ ಕಟ್ಟಿಸಿ, ಅಕ್ಕಪಕ್ಕದ ಬನಾರಸಿ ಗಣ್ಯರಿಗೆ ಕೊಡೋಣ. ಮನೆಗೊಂದೊಂದು ನಾವೂ ಇಟ್ಟುಕೊಳ್ಳೋಣ. "ನಮ್ಮ ಪರಂಪರೆ ಇವರಿಗೂ ಗೊತ್ತಾಗಲಿ, ನಮ್ಮ ಮಕ್ಕಳಿಗೂ ಗೊತ್ತಾಗಲಿ" ಅನ್ನೋದು ಸಲಹೆ ಕೊಟ್ಟವರ ಆಸೆ. ಒಳ್ಳೆಯ ಆಸೆಯೇ, ಅದರಲ್ಲಿ ಎರಡು ಮಾತಿಲ್ಲ. ಆದರೂ ನಾನು ಬೇಡ ಅಂದೆ. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಒಂದು ಮೇಳವನ್ನೇ ಕರೆಸೋಣ, ಒಂದು ರಾತ್ರಿ ಆಟ ಆಡಿಸೋಣ ಅಂದೆ. ಅಂದಿದ್ದೇ ತಡ, ಖರ್ಚೆಷ್ಟು, ಯಾರು ನೋಡ್ತಾರೆ, ಮಕ್ಕಳಿಗೆ ಕನ್ನಡವೇ ಬರೋದಿಲ್ಲ, ಅವರನ್ನು ಎಲ್ಲಿ ಇಳಿಸೋದು... ಪ್ರಶ್ನೆಗಳ ಮಳೆ. ಎಲ್ಲದಕ್ಕೂ ಅಲ್ಲೇ ಉತ್ತರ ಹೇಳಲು ಪುರಸೊತ್ತು ಸಿಗಲಿಲ್ಲ. ಅದಕ್ಕೇ ಇಲ್ಲಿ ನಿಧಾನವಾಗಿ ಬರೆಯುತ್ತಿದ್ದೇನೆ.

ಮೊದಲು, ತೊಗಲು ಗೊಂಬೆ ನೋಡದವರಿಗಾಗಿ ಎರಡು ಮಾತು. ಬೆಂಗಳೂರಲ್ಲಿ ಹುಟ್ಟಿ ಬೆಳೆದು ಅಲ್ಲಿಂದ ನೇರ ಪುಣೆಗೋ ದುಬೈಗೋ ಹೋದ ಎಷ್ಟೋ ಜನ ಇದನ್ನು ಎಂಪೋರಿಯಮ್ಮಿನ ಗೋಡೆಯಲ್ಲಿ ಮಾತ್ರ ನೋಡಿರುತ್ತಾರೆ. ಆಡಿನ ಚರ್ಮವನ್ನು ಚೆನ್ನಾಗಿ ಹದ ಮಾಡಿ, ಕೂದಲು ಹೆರೆದು, ಬೆಳಕು ತೂರುವಷ್ಟು ತೆಳ್ಳಗೆ ಮಾಡುತ್ತಾರೆ. ಅದರ ಮೇಲೆ ಆಕೃತಿ ಬರೆದು, ಕತ್ತರಿಸಿ, ಚಿಕ್ಕ ಚಿಕ್ಕ ಉಳಿಗಳಿಂದ ತೂತು ಹೊಡೆಯುತ್ತಾರೆ. ಒಡವೆ, ಕಿರೀಟ, ಸೀರೆಯ ಅಂಚು ಎಲ್ಲವೂ ಆ ತೂತುಗಳಲ್ಲೇ ಮೂಡಬೇಕು. ಬಣ್ಣವನ್ನು ಎರಡೂ ಕಡೆ ಹಚ್ಚುತ್ತಾರೆ. ಆಮೇಲೆ ಬಿದಿರಿನ ಕಡ್ಡಿ ಸೀಳಿ ನಡುವೆ ಸಿಗಿಸಿದರೆ ಗೊಂಬೆ ಸಿದ್ಧ. ನಮ್ಮ ಕರ್ನಾಟಕದ ಗೊಂಬೆಗಳು ಹೆಚ್ಚಾಗಿ ಸಣ್ಣವು, ಆಂಧ್ರದವು ಆಳೆತ್ತರದವು. ಗಾತ್ರದಲ್ಲೂ ಒಂದು ಲೆಕ್ಕ ಉಂಟು. ದೇವರು, ರಾಜರು ದೊಡ್ಡ ಗೊಂಬೆ, ಆಳುಕಾಳುಗಳು ಚಿಕ್ಕ ಗೊಂಬೆ. ಕೆಲವು ಸಲ ಒಂದೇ ತೊಗಲಿನಲ್ಲಿ ಇಡೀ ದೃಶ್ಯವೇ ಇರುತ್ತದೆ: ರಾವಣನ ಸಭೆ, ರಾಮನ ಪಟ್ಟಾಭಿಷೇಕ ಹೀಗೆ.

ಹಗಲು ಹೊತ್ತಿನಲ್ಲಿ ಕೈಯಲ್ಲಿ ಹಿಡಿದು ನೋಡಿದರೆ ಅದು ಬಣ್ಣ ಬಳಿದ ಚರ್ಮ, ಅಷ್ಟೇ. ಕತ್ತಲಾಗಬೇಕು. ಬಿಳಿ ಬಟ್ಟೆ ಕಟ್ಟಬೇಕು. ಹಿಂದೆ ದೀಪ ಉರಿಯಬೇಕು. ಹಿಂದೆಲ್ಲ ಹರಳೆಣ್ಣೆ ದೀಪ, ಈಗ ಬಲ್ಬು. ಆಗ ಆ ತೊಗಲಿನೊಳಗಿನಿಂದ ಬೆಳಕು ಹಾಯ್ದು ಪರದೆಯ ಮೇಲೆ ಬಣ್ಣದ ನೆರಳು ಬೀಳುತ್ತದೆ. ಮದ್ದಳೆ ಕೇಳಬೇಕು, ತಾಳ ಕೇಳಬೇಕು, ಗಂಡಸರು ರಾವಣನಾಗಿ ಅಬ್ಬರಿಸಬೇಕು, ಹೆಂಗಸರು ಸೀತೆಯಾಗಿ ಅಳಬೇಕು. ಮೇಳವೆಂದರೆ ಒಂದು ಸಂಸಾರ. ಗಂಡ ಗೊಂಬೆ ಕುಣಿಸಿದರೆ ಹೆಂಡತಿ ಹಾಡುತ್ತಾಳೆ, ಮಗ ಮದ್ದಳೆ ಹಿಡಿಯುತ್ತಾನೆ. ನಾನು ಚಿಕ್ಕವಳಿದ್ದಾಗ ಕೊಪ್ಪಳದ ಸೀಮೆಯಲ್ಲಿ (ಆಗ ಅದು ರಾಯಚೂರು ಜಿಲ್ಲೆ) ಮಳೆ ಹೋದ ವರ್ಷ ಊರವರು ಸೇರಿ ಇವರನ್ನು ಕರೆಸುತ್ತಿದ್ದರು. ಆಟ ಆಡಿಸಿದರೆ ಮಳೆ ಬರುತ್ತದೆ ಅನ್ನೋ ನಂಬಿಕೆ. ಮಳೆ ಬರುತ್ತಿತ್ತೋ ಇಲ್ಲವೋ, ಮರುದಿನದಿಂದ ನಾವೆಲ್ಲ ಮುತ್ತುಗದ ಎಲೆ ಕತ್ತರಿಸಿ, ಅಜ್ಜನ ಪಂಚೆ ಕಟ್ಟಿ, ಲಾಟೀನು ಇಟ್ಟುಕೊಂಡು ಲಂಕೆ ಸುಡುತ್ತಿದ್ದೆವು. ರಾಮಾಯಣ ನನಗೆ ಪುಸ್ತಕದಿಂದ ಬಂದದ್ದಲ್ಲ, ಆ ಪಂಚೆಯ ಮೇಲಿನಿಂದ ಬಂದದ್ದು.

ಹಾಗಾಗಿ ನನ್ನ ಮೊದಲ ವಾದ ಇದು. ಆ ಗೊಂಬೆ ಚಿತ್ರಕಲೆ ಹೌದು, ಆದರೆ ಅರ್ಧ ಮಾತ್ರ. ಉಳಿದರ್ಧ ಹೇಳುವವರ ಬಾಯಲ್ಲಿದೆ. ಫ್ರೇಮಿನೊಳಗೆ ಕೂತ ರಾವಣನಿಗೆ ಹತ್ತು ತಲೆ ಇರುತ್ತದೆ, ಆದರೆ ಒಂದರಲ್ಲೂ ನಾಲಿಗೆ ಇರೋದಿಲ್ಲ.

ಚಿತ್ರ ತೋರಿಸಿ ಕಥೆ ಹೇಳುವುದು ನಮ್ಮ ದೇಶಕ್ಕೆ ಹೊಸದೇನಲ್ಲ. ವಿಶಾಖದತ್ತನ ಮುದ್ರಾರಾಕ್ಷಸದಲ್ಲಿ ಚಾಣಕ್ಯನ ಗೂಢಚಾರ ಊರೂರು ತಿರುಗುವುದೇ ಯಮಪಟ ಹಿಡಿದವನ ವೇಷದಲ್ಲಿ. ಯಮಲೋಕದ ಚಿತ್ರ ಬಿಡಿಸಿದ ಬಟ್ಟೆಯನ್ನು ಹರವಿ, ಹಾಡುತ್ತಾ, ಭಿಕ್ಷೆ ಬೇಡುತ್ತಾ ಹೋಗುವವನನ್ನು ಯಾರೂ ಅನುಮಾನಿಸುವುದಿಲ್ಲ ಅಂದರೆ ಅಂಥವರು ಆಗ ಎಲ್ಲೆಲ್ಲೂ ಇದ್ದರು ಅಂತ ತಾನೇ ಅರ್ಥ? ಅಷ್ಟು ಹಿಂದೆ ಬೇಡ, ಗಾಂಧೀಜಿಯ ಆತ್ಮಕಥೆಯನ್ನೇ ತೆಗೆದುಕೊಳ್ಳಿ. ಹುಡುಗನಾಗಿದ್ದಾಗ ಊರೂರು ಸುತ್ತಿ ಚಿತ್ರ ತೋರಿಸುವವರು ಅವರ ಊರಿಗೂ ಬಂದಿದ್ದರು. ಶ್ರವಣಕುಮಾರ ಕಾವಡಿಯಲ್ಲಿ ಕುರುಡ ತಂದೆತಾಯಿಯರನ್ನು ಹೊತ್ತು ಯಾತ್ರೆಗೆ ಹೋಗುವ ಚಿತ್ರ ಅವರ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತುಬಿಟ್ಟಿತು. ಹರಿಶ್ಚಂದ್ರ ನಾಟಕವೂ ಹಾಗೆಯೇ. ಒಂದು ಚಿತ್ರ, ಒಂದು ಕಥೆ, ಅದನ್ನು ಹೊತ್ತು ತಂದ ಒಬ್ಬ ಅಲೆಮಾರಿ. ಅವನ ಹೆಸರು ನಮಗೆ ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ಈ ಕಥೆಯ ಸಂಕಟ ಕೂಡ.

ಎರಡನೇ ವಾದಕ್ಕೆ ಬರ್ತೀನಿ. ನಾವು ಬಾಯಿ ತುಂಬ "ನಮ್ಮ ಪರಂಪರೆ" ಅಂತೀವಲ್ಲ, ಅದು ಯಾರ ಪರಂಪರೆ? ತೊಗಲು ಗೊಂಬೆಯಾಟವನ್ನು ತಲೆತಲಾಂತರದಿಂದ ಕಾಪಾಡಿಕೊಂಡು ಬಂದವರು ಕಿಳ್ಳೇಕ್ಯಾತರು. ಸಿಳ್ಳೇಕ್ಯಾತರು, ಶಿಳ್ಳೇಕ್ಯಾತರು ಅಂತಲೂ ಕರೆಯುತ್ತಾರೆ. ಅಲೆಮಾರಿ ಜನ. ಮನೆಯಲ್ಲಿ ಅವರಾಡುವುದು ಮರಾಠಿಗೆ ಹತ್ತಿರದ ಒಂದು ಮಾತು. ಪರದೆಯ ಹಿಂದೆ ಕೂತರೆ ಮಾತ್ರ ಕನ್ನಡ! ಒಂದು ಸಲ ಯೋಚನೆ ಮಾಡಿ. ಮನೆಮಾತು ಕನ್ನಡವಲ್ಲದ ಜನ, ಸ್ವಂತ ಹೊಲ ಮನೆ ಇಲ್ಲದ ಜನ, ಕನ್ನಡದ ರಾಮಾಯಣ ಮಹಾಭಾರತವನ್ನು ಹೆಗಲ ಮೇಲಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಊರೂರಿಗೆ ಹೊತ್ತರು. ನಾವು, ಮನೆಮಾತು ಕನ್ನಡವೇ ಆದವರು, ಊರು ಬಿಟ್ಟು ಮೂವತ್ತು ವರ್ಷಕ್ಕೆ ಮೊಮ್ಮಕ್ಕಳ ಜೊತೆ ಹಿಂದಿ ಮಾತಾಡುತ್ತೇವೆ. ಯಾರಿಂದ ಯಾರು ಕಲಿಯಬೇಕು?

ಇಷ್ಟೆಲ್ಲ ಮಾಡಿದ್ದಕ್ಕೆ ನಾವು ಅವರಿಗೆ ಕೊಟ್ಟಿದ್ದೇನು? ನಮ್ಮೂರಲ್ಲಿ ಮಕ್ಕಳು ಮೈಕೈ ಕೊಳೆ ಮಾಡಿಕೊಂಡು ಬಂದರೆ "ಏನೋ ಕಿಳ್ಳೇಕ್ಯಾತನಂಗ ಬಂದೀಯಲ್ಲ" ಅಂತ ಬೈಯುತ್ತಿದ್ದರು. ಒಂದು ಸಮುದಾಯದ ಹೆಸರನ್ನೇ ಬೈಗುಳ ಮಾಡಿಕೊಂಡೆವು. ರಾತ್ರಿ ಅವರ ರಾಮನಿಗೆ ಕೈಮುಗಿದವರೇ ಬೆಳಿಗ್ಗೆ ಅವರನ್ನು ಕಟ್ಟೆಯಿಂದಾಚೆ ನಿಲ್ಲಿಸಿ ಜೋಳ ಹಾಕಿ ಕಳಿಸುತ್ತಿದ್ದರು. ನಾನೇ ನೋಡಿದ್ದೇನೆ. ಈಗ ಅದೇ ಗೊಂಬೆಯನ್ನು ಡ್ರಾಯಿಂಗ್ ರೂಮಿನಲ್ಲಿ ತೂಗುಹಾಕಿ "ಎಥ್ನಿಕ್" ಅಂತೀವಿ. ಗೊಂಬೆ ಒಳಗೆ ಬಂತು, ಗೊಂಬೆಯವರು ಇನ್ನೂ ಹೊರಗೇ ಇದ್ದಾರೆ.

ಕಾಲ ಸ್ವಲ್ಪ ಬದಲಾಗಿದೆ, ಇಲ್ಲ ಅನ್ನೋದಿಲ್ಲ. 2025ರಲ್ಲಿ ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂತು. ತೊಂಬತ್ತು ದಾಟಿದ ಅಜ್ಜಿ. ಏಳು ದಶಕ ಆಡಿಸಿದವರು, ವಿದೇಶಗಳಲ್ಲೂ ಆಡಿಸಿ ಬಂದವರು. ಆ ಸುದ್ದಿ ಓದಿದ ದಿನ ನಾನು ಭೇಲೂಪುರದ ಅಂಗಡಿಯಿಂದ ಪೇಡೆ ತಂದು ಹಂಚಿದೆ, ಯಾರಿಗೆ ಏನು ಅಂತ ಗೊತ್ತಾಗದಿದ್ದರೂ ಎಲ್ಲರೂ ತಿಂದರು :-) ಅವರ ಹೆಸರಿನಲ್ಲೇ ಆ ಸಮುದಾಯದ ಹೆಸರಿದೆ ನೋಡಿ. ರಾಷ್ಟ್ರಪತಿ ಭವನದಲ್ಲಿ ಆ ಹೆಸರನ್ನು ಗಟ್ಟಿಯಾಗಿ ಕೂಗಿ ಕರೆದರಲ್ಲ, ನನಗೆ ಪ್ರಶಸ್ತಿಗಿಂತ ಅದೇ ದೊಡ್ಡದೆನಿಸಿತು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರನ್ನೂ ನೆನೆಯಬೇಕು. ನಾಟಕ ರಂಗದಲ್ಲಿ ಪಳಗಿದ್ದ ಅವರು ತೊಗಲು ಗೊಂಬೆಯಲ್ಲಿ ಸ್ವಾತಂತ್ರ್ಯ ಹೋರಾಟದ ಕಥೆ ಆಡಿಸಿದರು. ರಾಮನ ಪರದೆಯ ಮೇಲೆ ಗಾಂಧಿ ನಡೆದರು. 2023ರಲ್ಲಿ ವೀರಣ್ಣ ತೀರಿಕೊಂಡರು. ಅವರು ಮಾಡಿದ್ದು ಒಂದು ದೊಡ್ಡ ವಿಷಯವನ್ನು ತೋರಿಸಿಕೊಟ್ಟಿತು: ಕಥೆ ಹೊಸದಾದರೂ ಆಟ ಸಾಯೋದಿಲ್ಲ, ಆಡಿಸುವವರು ಹೋದರೆ ಸಾಯುತ್ತೆ.

ಇಲ್ಲಿ ನೀವು ಒಂದು ಪ್ರಶ್ನೆ ಕೇಳಬಹುದು, ನಮ್ಮಲ್ಲೂ ಒಬ್ಬರು ಕೇಳಿದರು. "ಅಲ್ಲ ಕಣ್ರೀ, ಫ್ರೇಮ್ ಗೊಂಬೆ ಕೊಂಡರೆ ಅವರಿಗೇ ತಾನೇ ನಾಲ್ಕು ಕಾಸು ಹೋಗೋದು? ಅದಕ್ಕೂ ಕಲ್ಲು ಹಾಕ್ತೀರಲ್ಲ?" ನ್ಯಾಯವಾದ ಮಾತು. ಆಂಧ್ರದ ನಿಮ್ಮಲಕುಂಟ ಅನ್ನೋ ಹಳ್ಳಿಯಲ್ಲಿ ತೊಗಲು ಗೊಂಬೆ ಮಾಡುವ ಸಂಸಾರಗಳು ಈಗ ಅದೇ ಚರ್ಮ, ಅದೇ ಬಣ್ಣದಲ್ಲಿ ಲ್ಯಾಂಪ್ ಶೇಡ್ ಮಾಡಿ ಬದುಕುತ್ತಿವೆ. ಆ ಊರಿನ ದಳವಾಯಿ ಚಲಪತಿ ರಾವ್ ಅವರಿಗೆ 2020ರಲ್ಲಿ ಪದ್ಮಶ್ರೀಯೂ ಬಂತು. ಒಲೆ ಉರಿಯಬೇಕಾದರೆ ಲ್ಯಾಂಪ್ ಶೇಡ್ ಮಾಡಲೇಬೇಕು, ಅದನ್ನು ಆಡಿಕೊಳ್ಳುವ ಹಕ್ಕು ಸಂಬಳ ಪಿಂಚಣಿ ತಿನ್ನುವ ನಮಗಿಲ್ಲ. ಹಾಗೆಯೇ ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಎಂ. ಎಸ್. ನಂಜುಂಡರಾಯರು ಹಳ್ಳಿ ಹಳ್ಳಿ ಸುತ್ತಿ ಗೊಂಬೆ ಕೂಡಿಸದಿದ್ದರೆ ಎಷ್ಟೋ ಹಳೆಯ ಗೊಂಬೆಗಳು ಇಲಿ ಗೆದ್ದಲಿನ ಪಾಲಾಗುತ್ತಿದ್ದವು. ಮ್ಯೂಸಿಯಂ ಬೇಕು. ಮಾರಾಟವೂ ಬೇಕು.

ನಾನು ಹೇಳುತ್ತಿರುವುದು ಬೇರೆ. ಕೊಳ್ಳುವವನಿಗೆ ಗೊಂಬೆ ಮಾತ್ರ ಬೇಕಾದರೆ, ಮಾಡುವವನ ಮಗ ಗೊಂಬೆ ಕೆತ್ತುವುದನ್ನು ಮಾತ್ರ ಕಲಿಯುತ್ತಾನೆ. ಹಾಡು ಕಲಿಯುವುದಿಲ್ಲ, ಮಾತು ಕಲಿಯುವುದಿಲ್ಲ. ಯಾಕೆ ಕಲಿಯಬೇಕು? ಅದಕ್ಕೆ ಯಾರೂ ದುಡ್ಡು ಕೊಡೋದಿಲ್ಲವಲ್ಲ. ಒಂದು ತಲೆಮಾರು ಹೀಗೆ ಹೋದರೆ ಸಾಕು. ಗೊಂಬೆ ಚೆನ್ನಾಗಿಯೇ ಇರುತ್ತದೆ, ಇನ್ನೂ ನಾಜೂಕಾಗಿರುತ್ತದೆ, ಅದು ಯಾವ ಪ್ರಸಂಗದಲ್ಲಿ ಬರಬೇಕು ಅಂತ ಮಾತ್ರ ಯಾರಿಗೂ ಗೊತ್ತಿರೋದಿಲ್ಲ. ಎರಡನ್ನೂ ಒಟ್ಟಿಗಿಟ್ಟವರೂ ಇದ್ದಾರೆ. ಮಹಾರಾಷ್ಟ್ರದ ಪಿಂಗುಳಿಯಲ್ಲಿ ಠಾಕರ್ ಸಮುದಾಯದ ಪರಶುರಾಮ ಗಂಗಾವಣೆ ತಮ್ಮ ದನದ ಕೊಟ್ಟಿಗೆಯನ್ನೇ ಮ್ಯೂಸಿಯಂ ಮಾಡಿದರು. ಹಳೆಯ ಚಿತ್ರಕಥಿ ಪಟಗಳು, ತೊಗಲು ಗೊಂಬೆ, ಸೂತ್ರದ ಗೊಂಬೆ ಎಲ್ಲ ಅಲ್ಲಿವೆ. ನೋಡಲು ಹೋದವರಿಗೆ ಆ ಮನೆಯವರೇ ಚಿತ್ರ ಹಿಡಿದು ಕಥೆ ಹೇಳುತ್ತಾರೆ. ಅವರಿಗೂ 2021ರಲ್ಲಿ ಪದ್ಮಶ್ರೀ ಸಿಕ್ಕಿತು. ಚಿತ್ರ, ಕಥೆ, ಮನೆತನ ಮೂರೂ ಒಂದೇ ಸೂರಿನ ಕೆಳಗೆ.

ಇನ್ನು "ಯಾರು ನೋಡ್ತಾರೆ?" ಅನ್ನೋ ಪ್ರಶ್ನೆ. ಕಾಶಿಯಲ್ಲಿ ಇದ್ದುಕೊಂಡು ಇದನ್ನು ಕೇಳುವುದು ನನಗೆ ಸೋಜಿಗ. ಗಂಗೆಯ ಆಚೆ ದಡದಲ್ಲಿ ರಾಮನಗರ ಇದೆ. ಅಲ್ಲಿನ ರಾಮಲೀಲೆ 19ನೇ ಶತಮಾನದಿಂದ ನಡೆದು ಬಂದಿದೆ. ಅನಂತ ಚತುರ್ದಶಿಯಿಂದ ಶುರುವಾಗಿ ಮೂವತ್ತೊಂದು ದಿನ! ಮೈಕಿಲ್ಲ, ಕರೆಂಟು ದೀಪವಿಲ್ಲ, ಪೆಟ್ರೋಮ್ಯಾಕ್ಸ್ ಮತ್ತು ಪಂಜು. ಅಯೋಧ್ಯೆ ಒಂದು ಕಡೆ, ಜನಕಪುರ ಒಂದು ಕಡೆ, ಲಂಕೆ ಮೈಲಿಗಟ್ಟಲೆ ಆಚೆ. ರಾಮ ನಡೆದರೆ ಪ್ರೇಕ್ಷಕರೂ ಹಿಂದೆ ನಡೆಯಬೇಕು. ರಾಮಾಯಣಿಗಳು ತುಳಸಿಯ ಮಾನಸವನ್ನು ಹಾಡುತ್ತಾರೆ, ಪಾತ್ರಧಾರಿಗಳು ಮಾತಾಡುತ್ತಾರೆ, ನಡುನಡುವೆ ಎಲ್ಲರೂ ಚಿತ್ರದಂತೆ ನಿಂತುಬಿಡುತ್ತಾರೆ. ಅದೇ ಝಾಂಕಿ. ಮುದುಕರು ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಟಾರ್ಚು ಬಿಟ್ಟು ಸಾಲು ಸಾಲಾಗಿ ಜೊತೆಗೆ ಓದುತ್ತಿರುತ್ತಾರೆ. 2008ರಲ್ಲಿ ಯುನೆಸ್ಕೋ ರಾಮಲೀಲೆಯನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತು, ಸಂತೋಷ. ಆದರೆ ಆ ಟಾರ್ಚಿನ ಮುದುಕರು ಯುನೆಸ್ಕೋ ಹೇಳಿತು ಅಂತ ಬರುವವರಲ್ಲ. ಅವರ ಅಪ್ಪ ಬರುತ್ತಿದ್ದ, ಅದಕ್ಕೆ ಬರುತ್ತಾರೆ.

ರಾಮನಗರದಿಂದ ನಾವು ಕಲಿಯಬೇಕಾದದ್ದು ಭಕ್ತಿ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಯಾರೂ ಕಥೆಯನ್ನು "ಹತ್ತು ನಿಮಿಷದಲ್ಲಿ ಮುಗಿಸಿ" ಅನ್ನೋದಿಲ್ಲ. ನಮ್ಮ ಕಾರ್ಯಕ್ರಮಗಳಲ್ಲಿ ಕಲಾವಿದರಿಗೆ ನಾವು ಹೇಳುವ ಮೊದಲ ಮಾತೇ ಅದು. ಸನ್ಮಾನಕ್ಕೆ ಮುಕ್ಕಾಲು ಗಂಟೆ, ಭಾಷಣಕ್ಕೆ ಒಂದು ಗಂಟೆ, ಇಡೀ ಲಂಕಾದಹನಕ್ಕೆ ಹತ್ತು ನಿಮಿಷ! ಕೊನೆಗೆ ಶಾಲು ಹೊದಿಸಿ ಫೋಟೋ.

ಮಕ್ಕಳಿಗೆ ಭಾಷೆ ಬರೋದಿಲ್ಲ ಅನ್ನೋದಕ್ಕೆ ಸ್ವಂತ ಅನುಭವ ಹೇಳ್ತೀನಿ. ನನ್ನ ಮೊಮ್ಮಗಳಿಗೆ ಒಂಬತ್ತು ವರ್ಷ. ಶಾಲೆಯಲ್ಲಿ ಇಂಗ್ಲಿಷು, ಗಲ್ಲಿಯಲ್ಲಿ ಭೋಜಪುರಿ ಬೆರೆತ ಹಿಂದಿ, ನನ್ನ ಹತ್ತಿರ ಕನ್ನಡದಂಥ ಏನೋ ಒಂದು. ನಮ್ಮ ಮನೆಯಿಂದ ಹರಿಶ್ಚಂದ್ರ ಘಾಟಿಗೆ ನಡೆದು ಹೋಗಬಹುದು. ಊರಿಂದ ಬರುವ ನೆಂಟರೆಲ್ಲ "ಹರಿಶ್ಚಂದ್ರ ಸುಡುಗಾಡು ಕಾಯ್ದ ಜಾಗ ಇದೇನಾ?" ಅಂತ ಕೇಳಿ, ಕೈಮುಗಿದು, ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಮುಂದೆ ಹೋಗುತ್ತಾರೆ. ಇವಳಿಗೆ ನಾನು ಕಥೆಯನ್ನು ಪೂರ್ತಿ ಹೇಳಿದೆ. ಹದಿಮೂರನೇ ಶತಮಾನದಲ್ಲಿ ಹಂಪಿಯ ರಾಘವಾಂಕ ಎಷ್ಟೋ ದೂರದ ಈ ಕಾಶಿಯನ್ನು ಕನ್ನಡದ ಷಟ್ಪದಿಯಲ್ಲಿ ತಂದಿಟ್ಟ ಕಥೆ. 1965ರ ಸಿನಿಮಾದಲ್ಲಿ ರಾಜಕುಮಾರ್ ಮಾಡಿದ ಕಥೆ. ನಾಲ್ಕು ಸಂಜೆ ಹಿಡಿಯಿತು. ಹೇಳುತ್ತಾ ಹೋದಂತೆ ಅವಳು ರಟ್ಟು ಕತ್ತರಿಸಿ ಗೊಂಬೆ ಮಾಡಿಕೊಂಡಳು. ರಾಜ, ರಾಣಿ, ಲೋಹಿತಾಶ್ವ, ಹಾವು.

ಆಮೇಲೆ ನಡೆದದ್ದು ಸ್ವಾರಸ್ಯ. ಪಕ್ಕದ ಮನೆ ಹುಡುಗನಿಗೆ ಇವಳು ಗೊಂಬೆ ಹಿಡಿದು ಕಥೆ ಹೇಳಲು ಹೋದರೆ ಇಬ್ಬರಿಗೂ ಜಗಳ! ಇವಳು ರಾಣಿಯನ್ನು ಚಂದ್ರಮತಿ ಅಂತಾಳೆ, ಅವನು ತಾರಾಮತಿ ಅಂತಾನೆ. ಇವಳಿಗೆ ಲೋಹಿತಾಶ್ವ, ಅವನಿಗೆ ರೋಹಿತ್. ಹರಿಶ್ಚಂದ್ರನನ್ನು ಕೊಂಡ ಸ್ಮಶಾನದ ಒಡೆಯ ಇವಳಿಗೆ ವೀರಬಾಹು, ಅವನಿಗೆ ಕಲ್ಲೂ ಡೋಮ್. ಪಂಚಾಯಿತಿ ನನ್ನ ಹತ್ತಿರ ಬಂತು. ಇಬ್ಬರದೂ ಸರಿ ಅಂದೆ. ಇದೇ ಕಾಶಿಯ ಭಾರತೇಂದು ಹರಿಶ್ಚಂದ್ರ 1870ರ ದಶಕದಲ್ಲಿ ಇದೇ ಕಥೆಯನ್ನು ಹಿಂದಿ ನಾಟಕ ಮಾಡಿದಾಗ ಆ ರಾಣಿಯನ್ನು ಶೈವ್ಯಾ ಅಂದ, ಹಾಗಾದರೆ ಮೂರು ಹೆಸರಾಯಿತು ಅಂದೆ. ಅಷ್ಟರಲ್ಲಿ ಮೊಮ್ಮಗಳು ಕೇಳಿದಳು, "ಅಜ್ಜಿ, ಅವ್ರು ಡೋಮ್ ಅಂತ ಯಾಕೆ ಯಾರೂ ಮುಟ್ಟಲ್ಲ? ರಾಜಾನೇ ಅವ್ರ ನೌಕರ ಅಲ್ವಾ?" ಮಾತು ಅರ್ಧ ಹಿಂದಿಯಲ್ಲೇ ಇತ್ತು. ಕೇಳಿದ ಪ್ರಶ್ನೆ ಮಾತ್ರ ಪೂರ್ತಿ ರಾಘವಾಂಕನದು. ಡೋಮ್ ರಾಜ ಜಗದೀಶ್ ಚೌಧರಿಯವರಿಗೆ 2021ರಲ್ಲಿ ಮರಣಾನಂತರ ಪದ್ಮಶ್ರೀ ಕೊಟ್ಟರು. ಚಿತೆಗೆ ಬೆಂಕಿ ಕೊಡುವವರ ಮನೆಯ ಕಥೆಯನ್ನೂ ಅವಳಿಗೆ ಹೇಳಬೇಕಾಯಿತು. ಗೋಡೆಯ ಮೇಲೆ ಹರಿಶ್ಚಂದ್ರನ ಚಿತ್ರ ತೂಗುಹಾಕಿದ್ದರೆ ಈ ಪ್ರಶ್ನೆ ಬರುತ್ತಿತ್ತೇ? ನನಗೆ ಅನುಮಾನ.

ಬೆರಕೆ ಕನ್ನಡದಲ್ಲಿ ಹೇಳಿದರೆ ಪರಂಪರೆ ಕೆಡುವುದಿಲ್ಲವೇ ಅಂತ ಮಡಿವಂತರು ಕೇಳುತ್ತಾರೆ. ಅವರಿಗೆ ದೂರದ ಒಂದು ಉದಾಹರಣೆ ಕೊಡ್ತೀನಿ. ಅಮೆರಿಕದ ಮೂಲನಿವಾಸಿಗಳಲ್ಲಿ ಚೆರೋಕಿ ಅನ್ನೋ ಜನ ಇದ್ದಾರೆ. ಸೆಕ್ವೋಯಾ ಅನ್ನುವ ಅವರ ಹಿರಿಯ, ಇಂಗ್ಲಿಷ್ ಓದು ಬಾರದಿದ್ದರೂ, ತಮ್ಮ ಭಾಷೆಗೆ ತಾನೇ ಲಿಪಿ ಮಾಡಿ 1821ರಲ್ಲಿ ಜನರ ಮುಂದಿಟ್ಟ. 1828ರಲ್ಲಿ ಅದರಲ್ಲಿ ಪತ್ರಿಕೆಯೇ ಶುರುವಾಯಿತು. ಹತ್ತು ವರ್ಷಕ್ಕೆ, 1838-39ರಲ್ಲಿ, ಸರ್ಕಾರ ಅವರನ್ನು ನೆಲದಿಂದ ಕಿತ್ತು ಪಶ್ಚಿಮಕ್ಕೆ, ಇಂದಿನ ಓಕ್ಲಹೋಮಕ್ಕೆ ಅಟ್ಟಿತು. ದಾರಿಯಲ್ಲಿ ಸಾವಿರಾರು ಜನ ಸತ್ತರು. ಆ ಹೆಂಗಸರು ಬುಟ್ಟಿ ಹೆಣೆಯುವುದರಲ್ಲಿ ಹೆಸರಾದವರು. ಹಳೆಯ ನೆಲದಲ್ಲಿ ಹೊಳೆದಂಡೆಯ ಒಂದು ಬಗೆಯ ಬಿದಿರಿನಲ್ಲಿ ಹೆಣೆಯುತ್ತಿದ್ದರು. ಹೊಸ ಜಾಗದಲ್ಲಿ ಅದು ಬೇಕಾದಷ್ಟು ಸಿಗಲಿಲ್ಲ. ಅಲ್ಲಿ ಸಿಕ್ಕ ಬೇರೆ ಪೊದೆಯ ಬರಲು, ಕಾಡುಬಳ್ಳಿ ಹಿಡಿದು ಹೆಣೆದರು. ಎರಡು ಪದರದ ಹಳೆಯ ಹೆಣಿಗೆಯನ್ನು ಮಾತ್ರ ಬಿಡಲಿಲ್ಲ. ಹೆಣೆಯುತ್ತಾ ಕೂತಲ್ಲಿ ಅಜ್ಜಿಯರು ಮಕ್ಕಳಿಗೆ ಕಥೆ ಹೇಳದೆ ಇರುತ್ತಾರೆಯೇ? ಇವತ್ತಿಗೂ ಬುಟ್ಟಿ, ಬೀಸುಕಥೆ, ಚಿತ್ರ ಇವುಗಳ ಮೂಲಕ ತಾವು ಯಾರು ಅಂತ ಲೋಕಕ್ಕೆ ಹೇಳುತ್ತಿದ್ದಾರೆ. ಅದಕ್ಕಿಂತ ಮುಖ್ಯವಾಗಿ ತಮ್ಮ ಮಕ್ಕಳಿಗೆ ಹೇಳುತ್ತಿದ್ದಾರೆ.

ನಮ್ಮನ್ನು ಯಾರೂ ಬಂದೂಕು ಹಿಡಿದು ಅಟ್ಟಲಿಲ್ಲ, ಹೊಟ್ಟೆಪಾಡಿಗೆ ನಾವೇ ರೈಲು ಹತ್ತಿ ಬಂದವರು, ಹೋಲಿಕೆ ಅಷ್ಟಕ್ಕೇ ಸಾಕು. ಆದರೆ ಬಳ್ಳಿ ಬದಲಾದರೂ ಹೆಣಿಗೆ ಉಳಿಸಿಕೊಳ್ಳಬಹುದು ಅನ್ನೋದು ನಮಗೂ ಪಾಠವೇ. ನನ್ನ ಮೊಮ್ಮಗಳ ಹಿಂದಿ ಬೆರೆತ ಕನ್ನಡ ಈ ಗಂಗೆಯ ದಂಡೆಯ ಬಳ್ಳಿ. ಇರಲಿ ಬಿಡಿ. ಅವಳಿಂದ ಅದರಲ್ಲೇ ಹೆಣೆಸೋಣ.

ಚೆರೋಕಿಗಳಂಥವರಿಂದ ಇನ್ನೊಂದು ಕಲಿಯಬಹುದು. 1990ರಲ್ಲಿ ಅಮೆರಿಕದಲ್ಲಿ ಒಂದು ಕಾಯಿದೆ ಬಂತು. ಮೂಲನಿವಾಸಿಗಳು ಮಾಡದ ವಸ್ತುವನ್ನು ಅವರು ಮಾಡಿದ್ದು ಅಂತ ಹೇಳಿ ಮಾರುವುದು ಅಪರಾಧ. ನಮ್ಮಲ್ಲೂ ಜಿಐ ಟ್ಯಾಗು ಬಂದಿದೆ. ಚನ್ನಪಟ್ಟಣದ ಬೊಂಬೆಗೂ ಇದೆ, ನಮ್ಮ ಕೊಪ್ಪಳದ ಕಿನ್ನಾಳ ಗೊಂಬೆಗೂ ಇದೆ, ಇಲ್ಲಿ ಬನಾರಸದ ಮರದ ಆಟಿಕೆಗೂ ಇದೆ. ಆದರೆ ಜಿಐ ಹೇಳುವುದು ಊರಿನ ಹೆಸರನ್ನು, ವಸ್ತುವಿನ ಹೆಸರನ್ನು. ಕಥೆಗೆ, ಹಾಡಿಗೆ, ಹಾಡಿದವಳಿಗೆ ಅದು ಚೀಟಿ ಅಂಟಿಸುವುದಿಲ್ಲ. ಆ ಕೆಲಸ ಕರೆಸುವವರು ಮಾಡಬೇಕು, ಅಂದರೆ ನಾವು.

ಹಾಗಾದರೆ ಏನು ಮಾಡಬೇಕು ಅಂತೀರಿ? ನನ್ನ ಲೆಕ್ಕ ಇಷ್ಟು.

ಒಂದು, ಮೇಳವನ್ನು ಸಂಸಾರ ಸಮೇತ ಕರೆಸಬೇಕು. "ಇಬ್ಬರು ಬಂದರೆ ಸಾಕು, ಹಾಡನ್ನು ರೆಕಾರ್ಡ್ ಹಾಕೋಣ" ಅನ್ನಬಾರದು. ಹಾಡುವ ಹೆಂಗಸರಿಗೂ ಸಂಭಾವನೆ ಬೇರೆ ಕೊಡಬೇಕು, ರೈಲಿನ ಚಾರ್ಜು ಬೇರೆ. ಉಳಿಯಲು ನಮ್ಮ ನಮ್ಮ ಮನೆಯಲ್ಲೇ ಜಾಗ ಕೊಡಬೇಕು, ನಮ್ಮ ಪಂಕ್ತಿಯಲ್ಲೇ ಕೂರಿಸಿಕೊಂಡು ಉಣ್ಣಬೇಕು. ಕಟ್ಟೆಯಾಚೆ ನಿಲ್ಲಿಸಿದ ಜನರ ಮಕ್ಕಳು ನಾವು, ಇಷ್ಟಾದರೂ ಮಾಡೋಣ.

ಎರಡು, ಒಂದೇ ಪ್ರಸಂಗ, ಆದರೆ ಪೂರ್ತಿ. ಆಟಕ್ಕೆ ಮೊದಲು ಹಿಂದಿಯಲ್ಲಿ ಐದು ನಿಮಿಷ ಕಥೆಯ ಸಾರ ಹೇಳಿದರೆ ಅಕ್ಕಪಕ್ಕದವರಿಗೂ ಸಾಕು. ರಾಮನ ಕಥೆ ಬನಾರಸಿನವರಿಗೆ ನಾವು ಕಲಿಸಬೇಕೇ? ಆಟದ ನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಅಂತ ಜೋಡಿ ಬರುತ್ತದೆ. ಆ ನಗೆಗೊಂಬೆಗಳಿಗೆ ಕಥೆಯ ಹಂಗಿಲ್ಲ, ಇವತ್ತಿನ ಮಾತನ್ನೇ ಆಡುತ್ತವೆ, ಊರಿನ ದೊಡ್ಡವರನ್ನೇ ಗೇಲಿ ಮಾಡುತ್ತವೆ. ಭೇಲೂಪುರ ಚೌರಾಹದ ಟ್ರಾಫಿಕ್ ಜಾಮಿನಲ್ಲಿ ಹನುಮಂತ ಸಿಕ್ಕಿಕೊಂಡ ಅಂತ ಕಿಳ್ಳೇಕ್ಯಾತ ಒಂದು ಮಾತು ಹೇಳಲಿ, ಆಮೇಲೆ ನೋಡಿ, ಯಾವ ಮಗುವಿಗೆ ಭಾಷೆ ಅರ್ಥವಾಗೋದಿಲ್ಲ ಅಂತ.

ಮೂರು, ಮರುದಿನ ಬೆಳಿಗ್ಗೆ ಮಕ್ಕಳನ್ನು ಪರದೆಯ ಹಿಂದೆ ಕಳಿಸಬೇಕು. ಗೊಂಬೆ ಹೇಗೆ ಹಿಡಿಯುತ್ತಾರೆ, ದೀಪದಿಂದ ದೂರ ಸರಿದರೆ ನೆರಳು ಏನಾಗುತ್ತದೆ ಅಂತ ಆ ಕಲಾವಿದರೇ ತೋರಿಸಲಿ. ಆಮೇಲೆ ಮಕ್ಕಳು ರಟ್ಟಿನಲ್ಲಿ ತಮ್ಮದೇ ಗೊಂಬೆ ಮಾಡಲಿ, ತಮ್ಮದೇ ಕಥೆ ಹೇಳಲಿ. ಅದನ್ನು "ತೊಗಲು ಗೊಂಬೆ" ಅಂತ ಕರೆಯೋದು ಬೇಡ, ಅದು ಮಕ್ಕಳ ಆಟ. ಆದರೆ ಯಾರಿಂದ ಕಲಿತದ್ದು ಅಂತ ಆ ಹೆಸರನ್ನು ಪ್ರತಿ ಸಲವೂ ಹೇಳಿಸಬೇಕು. ನೆರಳು ಬಿಟ್ಟವರ ಹೆಸರು ಕತ್ತಲಲ್ಲೇ ಉಳಿಯಬಾರದು.

ನಾಲ್ಕು, ಇಷ್ಟೆಲ್ಲ ಆದ ಮೇಲೆ ಯಾರಿಗಾದರೂ ಗೊಂಬೆ ಕೊಳ್ಳಬೇಕೆನಿಸಿದರೆ, ಅವರ ಕೈಯಿಂದಲೇ ಕೊಳ್ಳಲಿ, ಚೌಕಾಸಿ ಮಾಡದೆ. ಆಗ ಆ ಗೊಂಬೆ ಗೋಡೆಯ ಮೇಲಿದ್ದರೂ ಮನೆಯ ಮಗುವಿಗೆ ಅದರ ದನಿ ಗೊತ್ತಿರುತ್ತದೆ.

ದುಡ್ಡು? ನಾನು ಲೆಕ್ಕ ಹಾಕಿದೆ. ಫ್ರೇಮಿಗೆ, ಗಾಜಿಗೆ, ಶಾಲಿಗೆ, ಹಾರಕ್ಕೆ, ಸ್ಮರಣಿಕೆಗೆ, ಫ್ಲೆಕ್ಸಿಗೆ ಹಾಕುವ ದುಡ್ಡನ್ನು ಕೂಡಿಸಿದರೆ ಅರ್ಧ ದಾರಿ ಬಂದಂತೆ. ಉಳಿದರ್ಧಕ್ಕೆ ಬಿಸಿಬೇಳೆ ಭಾತಿಗೆ ತುಪ್ಪ ಸ್ವಲ್ಪ ಕಡಿಮೆ ಮಾಡಿಕೊಳ್ಳೋಣ. ಈ ವಯಸ್ಸಿಗೆ ಡಾಕ್ಟರೂ ಅದನ್ನೇ ಹೇಳುತ್ತಾರೆ.

ಹನುಮಾನ್ ಘಾಟಿನ ಪಕ್ಕದಲ್ಲಿ ಮೈಸೂರು ಸಂಸ್ಥಾನದವರು 1910ರ ಸುಮಾರಿಗೆ ಕಟ್ಟಿಸಿದ ಘಾಟು ಇದೆ. ಈಗ ಕರ್ನಾಟಕ ಘಾಟ್ ಅಂತಾರೆ. ಅಂದಿನವರು ಇಷ್ಟು ದೂರದಲ್ಲಿ ಕಲ್ಲಿನ ಮೆಟ್ಟಿಲು ಬಿಟ್ಟು ಹೋದರು, ನಾವು ದಿನಾ ಇಳಿದು ಹತ್ತುತ್ತೇವೆ. ಅದರ ಮೇಲೊಂದು ಬಿಳಿ ಬಟ್ಟೆ ಕಟ್ಟಿ ಆಟ ಆಡಿಸಲು ಎಷ್ಟು ಜಾಗ ಬೇಕು ಹೇಳಿ?

ಮುಂಬೈಯಲ್ಲಿ, ದೆಹಲಿಯಲ್ಲಿ, ಸೂರತ್ತಿನಲ್ಲಿ, ಸಮುದ್ರದಾಚೆ ಇರುವ ನೀವೂ ಈ ನವೆಂಬರಿಗೆ ಏನೋ ಒಂದು ಯೋಚನೆ ಮಾಡಿಯೇ ಇರುತ್ತೀರಿ. ಸ್ಮರಣಿಕೆಗೆ ಆರ್ಡರ್ ಕೊಡುವ ಮೊದಲು ಒಂದು ಫೋನು ಕೊಪ್ಪಳಕ್ಕೋ ಬಳ್ಳಾರಿಗೋ ಹಚ್ಚಿ ನೋಡಿ. ಆ ಕಡೆಯಿಂದ ಎತ್ತಿದವರು ಮೊದಲು ಕೇಳೋದು ದುಡ್ಡಿನ ಮಾತಾಗಿರಲಿಕ್ಕಿಲ್ಲ. "ಎಷ್ಟು ತಾಸು ಆಡಸ್ಬೇಕ್ರೀ?" ಅಂತ ಕೇಳಬಹುದು. ದಯವಿಟ್ಟು ಹತ್ತು ನಿಮಿಷ ಅನ್ನಬೇಡಿ.